ಸೇರೆಗಾರರ ಲೆಕ್ಕದ ಪುಸ್ತಕ

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯ ಸೇರೆಗಾರ ರಂಗಪ್ಪಸೆಟ್ಟರನ್ನು ನಮ್ಮ ಓದುಗರು ಸುಬ್ಬಮ್ಮನ ಬಾಳು ಕೆಡಿಸಿದವರೆಂದೇ ನೆನಪಿಟ್ಟಿದ್ದಾರೆ. ಅವರ ಕಸುಬನ್ನು ಮಾತ್ರ ಮರೆತಿದ್ದಾರೆ. ಘಟ್ಟದ ಕೆಳಗಿನಿಂದ ಆಳುಗಳನ್ನು ತಂದು ಒಡೆಯರಿಗೆ ಒದಗಿಸುವುದಷ್ಟೆ ಆ ಕಸುಬು.

ಬೇಲೂರು ತಾಲ್ಲೂಕಿನ ಬಿಕ್ಕೋಡು ಕಡೆಯ ಕಾಫಿ ತೋಟಗಳನ್ನು ನೆನೆದು ಓದಿದರೆ ಈ ಕಸುಬೇ ಮುಖ್ಯವೆನಿಸುತ್ತದೆ. ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಅಲ್ಲಿ ಆಳು ಹೆಚ್ಚು ಬೇಕು. ಕೊಯ್ಲು ಮುಗಿದರೆ ಬೇಡ. 1951ರ ತೋಟ ಕಾರ್ಮಿಕರ ಕಾಯಿದೆಯು ಮನೆ, ಔಷಧೋಪಚಾರ, ಶಿಶುಗೃಹಗಳ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. ಆದರೆ ಬಂದು ಹೋಗುವ ಆಳಿಗೆ ಮಾಲೀಕ ಯಾರು? ಕೆಲಸ ಕೊಟ್ಟವನೋ, ಕರೆತಂದವನೋ?

ಇಂದು ಸೇರೆಗಾರನೇ ಒಂದು ಕಂಪನಿಯಾಗಿದ್ದಾನೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಸಂಬಳದ ಕಾರಣ ಗಲಭೆಯೆದ್ದಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಒಡೆದ ಗಾಜಿನ ಚಿತ್ರಗಳು ಅಂದೇ ಹಬ್ಬಿದವು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿದ್ದು ಒಂದು ವಾರದ ಮೇಲೆ.

ಕುವೆಂಪು ಮಧ್ಯವರ್ತಿಗೆ ಹೆಸರು, ಮುಖ ಎರಡನ್ನೂ ಕೊಟ್ಟರು. ಬಾಡುಗಳ್ಳ ಸೋಮನಂಥ ಆಳಿಗೂ ಜೀವ ತುಂಬಿದರು. ಆದರೆ ಸೇರೆಗಾರರ ಪಾಪವೆಲ್ಲ ಮನೆಯೊಳಗಿನದಾಗಿ, ಕೂಲಿಯ ಲೆಕ್ಕ ಹಿಂದೆ ಸರಿಯಿತು. ಆ ಹಿರಿಯ ಕೃತಿಯ ಬಗೆಗೆ ನನ್ನ ಆಕ್ಷೇಪಣೆ ಇದೊಂದೇ. ಆ ಲೆಕ್ಕವನ್ನೇ ಕಥಾವಸ್ತುವಾಗಿ ಹಿಡಿಯುವ ಕಾದಂಬರಿಕಾರರಿಗೆ ಬಿಕ್ಕೋಡಿನಲ್ಲಿಯೂ ನರಸಾಪುರದಲ್ಲಿಯೂ ಸಾಮಗ್ರಿ ಬೇಕಾದಷ್ಟಿದೆ.