ರೊಕ್ಕ ಕೊಟ್ಟರೂ ಪಹಣಿ ಬರದ ಆಟ

'ರೆಡ್ ಡೆಡ್ ರಿಡೆಂಪ್ಶನ್ 2' ಎಂಬ ಆಟ ಕಂಪ್ಯೂಟರಿನಲ್ಲಿ ಕೂರಲು 150 ಜಿಬಿ ಜಾಗ ಕೇಳುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡು ಔರಾದ್ ಸೀಮೆಯ ಡಾಬಕಾದಲ್ಲಿ ಕುಳಿತವನು, ವಾಟ್ಸ್‌ಆ್ಯಪ್ ಕೂಡ ತೆರೆಯದೆ ಅಷ್ಟನ್ನೂ ಇಳಿಸಿಕೊಳ್ಳತೊಡಗಿದರೆ 100 ದಿನ ಹಿಡಿಯುತ್ತದೆ. ಕಡತ ಕುಗ್ಗಿ ಬರುತ್ತದೆಂದು ಲೆಕ್ಕ ಹಾಕಿದರೂ ಎರಡೂವರೆ ತಿಂಗಳಿಗೆ ಕಡಿಮೆಯಿಲ್ಲ. ಹಾಗಾಗಿ ಈ ಸೀಮೆಯ ಆಟದ ಹುಚ್ಚರು ಬೇರೆ ದಾರಿ ಹಿಡಿಯುತ್ತಾರೆ. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬೀದರಿಗೋ ಉದಗೀರಿಗೋ ಹೋಗಿ, ಫೈಬರ್ ಲೈನ್ ಇರುವ ಗೆಳೆಯನ ಖೋಲಿಯಲ್ಲಿ ರಾತ್ರಿಯೆಲ್ಲ ಡೌನ್‌ಲೋಡ್ ಹಚ್ಚಿ, ಬೆಳಗ್ಗೆ ಬಸ್ಸು ಹತ್ತುತ್ತಾರೆ. ಊರಿಗೆ ಬಂದು ಆಟ ತೆರೆದರೆ ಪರದೆ ಮೊದಲು ಕೇಳುವುದು ಇಂಟರ್‌ನೆಟ್ಟನ್ನೇ.

"ಕಾಕಾ, ರೊಕ್ಕಾ ಕೊಟ್ಟೀನಿ, ಆಟ ಕಂಪ್ಯೂಟರದಾಗೇ ಅದ, ಮತ್ತ ನೆಟ್ ಯಾಕ ಕೇಳ್ಲತ್ತದ?" ಈ ಅಂಕಣ ಓದುವ ಹುಡುಗರಿಂದ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಉತ್ತರ ಕಹಿಯಾದರೂ ಸರಳ: ನೀನು ಕೊಂಡದ್ದು ಆಟವನ್ನಲ್ಲ, ಆಡುವ ಅನುಮತಿಯನ್ನು. ಹೊಲ ಲಾವಣಿಗೆ ಹಿಡಿದವನು ಉಳುತ್ತಾನೆ, ಬಿತ್ತುತ್ತಾನೆ, ರಾಶಿ ಮಾಡುತ್ತಾನೆ. ಪಹಣಿಯಲ್ಲಿ ಮಾತ್ರ ಹೆಸರು ಬೇರೆಯವರದು. ಡಿಜಿಟಲ್ ಆಟದ ವ್ಯವಹಾರವೂ ಹೀಗೆಯೇ.

ಇದು ಮುಚ್ಚಿಟ್ಟ ಸಂಗತಿಯೇನಲ್ಲ. ಅತಿ ದೊಡ್ಡ ಕಂಪ್ಯೂಟರ್ ಆಟದ ಮಳಿಗೆಯಾದ ಸ್ಟೀಮ್, ತನ್ನ ಒಪ್ಪಂದದಲ್ಲಿ ಆಟಗಳನ್ನು ಮಾರುವುದಿಲ್ಲ, ಬಳಸಲು ಪರವಾನಗಿ ಕೊಡುತ್ತೇನೆ ಎಂದು ಮೊದಲಿನಿಂದಲೂ ಬರೆದುಕೊಂಡಿದೆ. ಓದಿದವರು ಕಡಿಮೆ, ಅಷ್ಟೇ. ಡಿಜಿಟಲ್ ಸರಕು ಮಾರುವವರು ಅದು ಬರೀ ಪರವಾನಗಿ ಎಂಬುದನ್ನು ಕೊಳ್ಳುವವರಿಗೆ ಎದ್ದು ಕಾಣುವಂತೆ ಹೇಳಬೇಕು, ಇಲ್ಲವಾದರೆ 'ಖರೀದಿಸಿ' ಎಂದು ಬರೆಯಬಾರದು ಎಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿತು. 2025ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದಕ್ಕೂ ಮೊದಲೇ, 2024ರ ಅಕ್ಟೋಬರಿನಲ್ಲಿ, ಸ್ಟೀಮ್ ಹಣ ಪಾವತಿಸುವ ಪುಟದಲ್ಲೇ ಇದು ಪರವಾನಗಿ ಎಂದು ಹೇಳುವ ಒಂದು ಸಾಲು ಸೇರಿಸಿತು. ದೊಡ್ಡ ಕಂಪನಿಗಳಿಗೆ ಪ್ರಾಮಾಣಿಕತೆ ಬರುವುದು ಕೆಲವೊಮ್ಮೆ ಹೀಗೆ, ಕಾನೂನಿನ ಕಾಲ ಸಪ್ಪಳ ಕೇಳಿದ ಮೇಲೆ.

ನಮ್ಮ ಕಡೆ ಈ ಮಾತು ಹೊಸದೆನಿಸಲು ಕಾರಣವಿದೆ. ಬೀದರ, ಭಾಲ್ಕಿಯಂಥ ಊರುಗಳಲ್ಲಿ ಆಟದ ರುಚಿ ಹತ್ತಿದ್ದೇ ಸೈಬರ್ ಕೆಫೆಗಳಲ್ಲಿ. ಗಂಟೆಗಿಷ್ಟು ಎಂದು ಕೊಟ್ಟು 'ವೈಸ್ ಸಿಟಿ' ಆಡಿದ ಪೀಳಿಗೆಗೆ ಆ ಪ್ರತಿ ಅಸಲಿಯೋ ನಕಲಿಯೋ ಎಂಬ ಚಿಂತೆಯೇ ಇರಲಿಲ್ಲ. ಹೊರಗೆ ಮಾತ್ರ ಆಗಲೇ ಗಾಳಿ ತಿರುಗಿತ್ತು. 2004ರ ನವೆಂಬರಿನಲ್ಲಿ ಬಂದ 'ಹಾಫ್-ಲೈಫ್ 2' ಆಟದ ಡಿಸ್ಕನ್ನು ಅಂಗಡಿಯಿಂದ ಕೊಂಡು ತಂದವರೂ ಅದನ್ನು ಸ್ಟೀಮ್ ಖಾತೆಗೆ ಜೋಡಿಸದೆ ಆಡುವಂತಿರಲಿಲ್ಲ. ಅಲ್ಲಿಯವರೆಗೆ ಡಿಸ್ಕ್ ಎಂದರೆ ಆಟವೇ ಆಗಿತ್ತು. ತಮ್ಮನಿಗೆ ಕೊಡಬಹುದಿತ್ತು, ಬೇಸರವಾದರೆ ಮಾರಬಹುದಿತ್ತು. ಅಲ್ಲಿಂದ ಮುಂದೆ ಅದು ಖಾತೆಗೆ ಕಟ್ಟಿದ ಸರಕಾಯಿತು. 2015ರಲ್ಲಿ ಸ್ಟೀಮ್ ಭಾರತಕ್ಕೆ ರೂಪಾಯಿ ದರ ತಂದಿತು, ಆಮೇಲೆ ಯುಪಿಐ ಬಂತು, ನಮ್ಮವರು ಕೊಂಡು ಆಡುವುದನ್ನು ಕಲಿತರು. ಕರಾರು ಓದುವುದನ್ನು ಇನ್ನೂ ಕಲಿಯಬೇಕಿದೆ.

ಪಾರಖಿಯ ಕಣ್ಣಿಗೆ ಎಲ್ಲ ಕರಾರೂ ಒಂದೇ ಅಲ್ಲ. ಆಟಕ್ಕೆ ಹಾಕಿದ ಬೀಗ ಎಲ್ಲಿದೆ ಎಂದು ನೋಡಬೇಕು. ಮೊದಲ ಬಗೆಯಲ್ಲಿ ಬೀಗವಿರುವುದು ಖಾತೆಯಲ್ಲಿ. ಸ್ಟೀಮ್‌ನ ಬಹುಪಾಲು ಒಬ್ಬಂಟಿ ಆಟಗಳು ಈ ಜಾತಿಯವು. ನೆಟ್ ಇರುವಾಗ ಒಮ್ಮೆ ಲಾಗಿನ್ ಆಗಿ, ಆಟವನ್ನು ಪೂರ್ತಿ ಇಳಿಸಿ, ಒಂದು ಸಲ ತೆರೆದು, ಆಮೇಲೆ ಆಫ್‌ಲೈನ್ ಮೋಡಿಗೆ ಹಾಕಿದರೆ ನೆಟ್ ಇಲ್ಲದ ಊರಿನಲ್ಲೂ ನಡೆಯುತ್ತವೆ. ಆ ಬಸ್ಸಿನ ಹುಡುಗರು ತಪ್ಪುವುದು ಇಲ್ಲೇ: ಇಳಿಸಿಕೊಂಡು ಬರುತ್ತಾರೆ, ಗೆಳೆಯನ ಖೋಲಿಯಲ್ಲೇ ಒಮ್ಮೆ ತೆರೆದು ನೋಡುವುದಿಲ್ಲ. ಕೆಲವು ಆಟಗಳಿಗಂತೂ ಬೀಗದ ಮೇಲೆ ಬೀಗ. 'ರೆಡ್ ಡೆಡ್ 2' ಆಟವನ್ನು ಸ್ಟೀಮ್‌ನಲ್ಲೇ ಕೊಂಡರೂ ರಾಕ್‌ಸ್ಟಾರ್ ಕಂಪನಿಯ ಇನ್ನೊಂದು ಖಾತೆ ಬೇಕೇ ಬೇಕು.

ಎರಡನೆಯ ಬಗೆಯಲ್ಲಿ ಬೀಗ ಕಂಪನಿಯ ಸರ್ವರಿನಲ್ಲಿದೆ. ಇದಕ್ಕೆ ಯೂಬಿಸಾಫ್ಟ್‌ನ 'ದಿ ಕ್ರ್ಯೂ' ಎಂಬ ಕಾರ್ ಆಟಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 2014ರಲ್ಲಿ ಬಂದ ಆಟ. ಒಬ್ಬರೇ ಆಡಿದರೂ ಸರ್ವರಿನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು; ಆಟವೂ ನಿಂತಿತು. ಡಿಸ್ಕ್ ಇಟ್ಟುಕೊಂಡವರ ಕೈಯಲ್ಲಿ ಉಳಿದದ್ದು ಬರೀ ಪ್ಲಾಸ್ಟಿಕ್ಕು. ಇದರಿಂದ ಸಿಟ್ಟಿಗೆದ್ದ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಹುಟ್ಟುಹಾಕಿದರು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಬೇಡಿಕೆ ದೊಡ್ಡದೇನಲ್ಲ: ಸರ್ವರ್ ಮುಚ್ಚುವುದಾದರೆ ಮುಚ್ಚಿ, ಕೊಂಡವರು ಆಡಿಕೊಳ್ಳುವ ಸ್ಥಿತಿಯಲ್ಲಿ ಆಟವನ್ನು ಬಿಟ್ಟುಹೋಗಿ.

ಮಳಿಗೆಯಿಂದ ತೆಗೆಯುವುದು ಬೇರೆ, ಕೊಲ್ಲುವುದು ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. 'ಫೋರ್ಜಾ ಹೊರೈಜನ್ 4' ಆಟದ ಮಾರಾಟ 2024ರ ಡಿಸೆಂಬರ್ 15ಕ್ಕೆ ನಿಂತಿತು. ಒಳಗಿರುವ ಅಸಲಿ ಕಾರುಗಳು, ಹಾಡುಗಳ ಬಳಕೆಯ ಗಡುವು ಮುಗಿಯುವುದೇ ಇಂಥದ್ದಕ್ಕೆ ಕಾರಣ. ಮೊದಲೇ ಕೊಂಡವರು ಈಗಲೂ ಇಳಿಸಿಕೊಂಡು ಆಡಬಹುದು. ಆದರೆ 'ಜಿಟಿಎ 4' ಕೊಂಡವರಿಗೆ 2018ರಲ್ಲಿ ಆದದ್ದು ವಿಚಿತ್ರ. 10 ವರ್ಷದ ಹಾಡಿನ ಕರಾರು ಮುಗಿಯಿತೆಂದು, ಅವರವರ ಕಂಪ್ಯೂಟರಿನಲ್ಲಿದ್ದ ಆಟದ ರೇಡಿಯೋದಿಂದಲೇ ಒಂದು ಅಪ್‌ಡೇಟ್ ಹಾಡುಗಳನ್ನು ಕಿತ್ತುಕೊಂಡು ಹೋಯಿತು. ನೀವು ಪಡೆದ ಅನುಮತಿಯ ಹಿಂದೆ ಕಂಪನಿ ಪಡೆದ ಬೇರೆ ಅನುಮತಿಗಳ ಸರಪಳಿಯೇ ಇರುತ್ತದೆ. ಎಲ್ಲಿ ಕಡಿದರೂ ಪೆಟ್ಟು ಬೀಳುವುದು ನಿಮಗೆ.

ಮೂರನೆಯ ಬಗೆಗೆ ಬೀಗವೇ ಇಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ 2008ರಲ್ಲಿ ತೆರೆದ ಜಿಒಜಿ ಮಳಿಗೆಯ ಪದ್ಧತಿ ಇದು. ಕಾಗದದ ಮೇಲೆ ಅದೂ ಪರವಾನಗಿಯೇ; ಹಂಚುವಂತಿಲ್ಲ, ಮಾರುವಂತಿಲ್ಲ. ಆದರೆ ಇನ್‌ಸ್ಟಾಲರ್ ಕಡತ ನಿಮ್ಮ ಕೈಗೆ ಬರುತ್ತದೆ. ಪೆನ್‌ಡ್ರೈವಿನಲ್ಲಿ, ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡರೆ ನಾಳೆ ಮಳಿಗೆಯೇ ಬಾಗಿಲು ಹಾಕಿದರೂ ಆಟ ನಡೆಯುತ್ತದೆ. ಬೀದರಿನಲ್ಲಿ ಇಳಿಸಿ ಡಾಬಕಾದಲ್ಲಿ ಆಡುವವನಿಗೆ ಇದಕ್ಕಿಂತ ಹೊಂದುವ ಏರ್ಪಾಡು ಬೇರೊಂದಿಲ್ಲ.

ನಮ್ಮ ಹಳ್ಳಿಗಳಲ್ಲಿ ಹೆಚ್ಚಿನ ಆಟ ನಡೆಯುವುದು ಮೊಬೈಲಿನಲ್ಲಿ, ಅದೂ ಪುಕ್ಕಟೆ ಆಟ. ಪುಕ್ಕಟೆಗೆ ಕರಾರೇನು ಎನ್ನಬೇಡಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ, ಬಟ್ಟೆ, ಬಂದೂಕಿನ ಬಣ್ಣಕ್ಕೆಂದು ರೊಕ್ಕ ಸುರಿದವರ ಸಂಪತ್ತೆಲ್ಲ ಆಟದ ಜೊತೆಗೇ ಹೋಯಿತು. 2021ರ ಜುಲೈಯಲ್ಲಿ ಅದರ ಭಾರತೀಯ ರೂಪವಾದ ಬಿಜಿಎಂಐ ಬಂದಾಗ ಹಳೆಯ ಸಾಮಾನು ಸಾಗಿಸಿಕೊಳ್ಳಲು ಅವಕಾಶ ಕೊಟ್ಟರೆನ್ನಿ. 2022ರ ಜುಲೈ 28ರಂದು ಅದೂ ಮಳಿಗೆಗಳಿಂದ ಮಾಯವಾಗಿ, ಮರಳಿದ್ದು 2023ರ ಮೇ ತಿಂಗಳಲ್ಲಿ. ಅನುಮತಿ ಕೊಟ್ಟವನು ಮಾತ್ರವಲ್ಲ, ಅವನ ಮೇಲಿನವನೂ ಅದನ್ನು ಹಿಂದಕ್ಕೆ ಪಡೆಯಬಲ್ಲ ಎಂಬುದನ್ನು ನಮ್ಮ ಹುಡುಗರು ಕಲಿತದ್ದು ಆಗ.

ಹಾಗಾದರೆ ನಮ್ಮ ಕಾನೂನು ಏನನ್ನುತ್ತದೆ? ಪೆಟ್ಟಿಗೆಯಲ್ಲಿ ಬರುವ ಸಾಫ್ಟ್‌ವೇರಿಗೆ ಕೊಡುವ ಹಣ ಸರಕಿನ ಬೆಲೆಯೋ ಹಕ್ಕುಸ್ವಾಮ್ಯಕ್ಕೆ ಕೊಡುವ ರಾಯಲ್ಟಿಯೋ ಎಂಬ ತಕರಾರು ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. ರಾಯಲ್ಟಿ ಎಂದು 2011ರಲ್ಲಿ ಹೈಕೋರ್ಟ್ ಹೇಳಿತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ತಿರುವಿ ಹಾಕಿ, ಕೊಳ್ಳುವವನಿಗೆ ಸಿಗುವುದು ಪ್ರತಿ ಮಾತ್ರ, ಹಕ್ಕುಸ್ವಾಮ್ಯದ ಯಾವ ಪಾಲೂ ಅಲ್ಲ, ಆದ್ದರಿಂದ ಅದು ರಾಯಲ್ಟಿಯಲ್ಲ ಎಂದಿತು. ಅದು ಆದಾಯ ತೆರಿಗೆಯ ಮೊಕದ್ದಮೆ. ಆಟ ಮರುಮಾರುವ ಹಕ್ಕನ್ನು ಅದು ಕೊಡಲಿಲ್ಲ. ಆಟಗಾರನಿಗೆ ಹತ್ತಿರದ ಕಲಮುಗಳು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿವೆ. ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಪಡೆದವನು ಅದು ಕೆಟ್ಟುಹೋದೀತೆಂದು ಬ್ಯಾಕಪ್ ಮಾಡಿಟ್ಟುಕೊಳ್ಳುವುದು ಉಲ್ಲಂಘನೆಯಲ್ಲ ಎನ್ನುತ್ತದೆ 52ನೇ ಕಲಮು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ 2 ವರ್ಷದವರೆಗೆ ಜೈಲು ಎನ್ನುತ್ತದೆ 2012ರಲ್ಲಿ ಸೇರಿಸಿದ 65ಎ. ಬೀಗವಿಲ್ಲದ ಆಟಕ್ಕೆ ಮೊದಲನೆಯದರ ಲಾಭ ಸಲೀಸು. ಬೀಗವಿರುವ ಆಟದಲ್ಲಿ ಬ್ಯಾಕಪ್ ಇದ್ದೂ ಉಪಯೋಗ ಅಷ್ಟಕ್ಕಷ್ಟೆ.

ಮನೆಮಂದಿ ಹಂಚಿಕೊಂಡು ಆಡುವ ದಾರಿಯನ್ನು ಕಂಪನಿಗಳೇ ತುಸು ತೆರೆದಿವೆ. ಸ್ಟೀಮ್‌ನ ಕುಟುಂಬ ವ್ಯವಸ್ಥೆಯಲ್ಲಿ ಒಂದೇ ಮನೆಯ 6 ಮಂದಿ ಸೇರಬಹುದು. ಅಣ್ಣ ಒಂದು ಆಟ ಆಡುತ್ತಿರುವಾಗಲೇ ಅವನು ಕೊಂಡ ಬೇರೆ ಆಟವನ್ನು ತಮ್ಮ ಆಡಬಹುದು. ಒಂದೇ ಪ್ರತಿಯನ್ನು ಇಬ್ಬರೂ ಕೂಡಿ ಆಡಲಾಗದು. ತಮ್ಮ ಕಳ್ಳಾಟ ಆಡಿ ಸಿಕ್ಕಿಬಿದ್ದರೆ ಆ ಆಟದ ಮಾಲೀಕನಾದ ಅಣ್ಣನಿಗೂ ಬಹಿಷ್ಕಾರ ತಟ್ಟುತ್ತದೆ. ಗೂಗಲ್ ಪ್ಲೇಯಲ್ಲೂ ಕುಟುಂಬಕ್ಕೆ ಹಂಚುವ ಸೌಲಭ್ಯವಿದೆ, ಆದರೆ ಆಟದೊಳಗೆ ಕೊಂಡ ವಜ್ರ, ನಾಣ್ಯಗಳಿಗೆ ಅದು ಅನ್ವಯಿಸದು. ಇನ್ನು ವಾರಸಾ ಮಾತು: ಸ್ಟೀಮ್ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅಪ್ಪನ ಹೊಲ ಮಗನ ಹೆಸರಿಗೆ ಆಗುತ್ತದೆ, ಅಪ್ಪನ ಆಟಗಳು ಆಗುವುದಿಲ್ಲ.

ಕೊಳ್ಳುವ ಮುನ್ನ ಏನು ನೋಡಬೇಕು? ಸ್ಟೀಮ್‌ನ ಪುಟದಲ್ಲಿ ಬಲಬದಿಯ ಪಟ್ಟಿಯನ್ನು ಓದಿ. ಮೂರನೆಯವರ ಖಾತೆ ಬೇಕೇ, ಡೆನೂವೋದಂಥ ಹೊರಗಿನ ಬೀಗವಿದೆಯೇ, ಪ್ರತ್ಯೇಕ ಕರಾರಿಗೆ ಒಪ್ಪಬೇಕೇ ಎಂಬುದೆಲ್ಲ ಅಲ್ಲಿರುತ್ತದೆ. 'ಸಿಂಗಲ್ ಪ್ಲೇಯರ್' ಎಂದು ಬರೆದ ಮಾತ್ರಕ್ಕೆ ನೆಟ್ ಇಲ್ಲದೆ ನಡೆಯುತ್ತದೆಂದು ನಂಬಬೇಡಿ. 'ದಿ ಕ್ರ್ಯೂ' ಆಟವನ್ನೂ ಒಬ್ಬರೇ ಆಡುತ್ತಿದ್ದರು. ವಾಪಸಿನ ಗಡುವು ನೆನಪಿರಲಿ: ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳುತ್ತದೆ. ಜಿಒಜಿಯಲ್ಲಿ 30 ದಿನ. ಪ್ಲೇಸ್ಟೇಷನ್ ಮಳಿಗೆಯಲ್ಲಿ 14 ದಿನವಿದ್ದರೂ ಡೌನ್‌ಲೋಡ್ ಶುರು ಮಾಡಿದಿರೋ, ಸಾಮಾನ್ಯವಾಗಿ ಮುಗಿಯಿತು. ನಮ್ಮ ಕಡೆಯವರಿಗೆ ಸ್ಟೀಮ್‌ನ 14 ದಿನ ದೊಡ್ಡದಾಗಿ ಕಂಡರೂ, ಡೌನ್‌ಲೋಡಿಗೇ ಹತ್ತು ದಿನ ಹೋದರೆ ಪರೀಕ್ಷೆಗೆ ಉಳಿಯುವುದು ನಾಲ್ಕೇ. ಆದ್ದರಿಂದ ಮಾರಾಟದ ಹಬ್ಬದಲ್ಲಿ ದರ ಇಳಿಯಿತೆಂದು ಇಂದೇ ಕೊಳ್ಳಬೇಡಿ, ಫೈಬರ್ ಲೈನ್ ಸಿಗುವ ದಿನ ನೋಡಿ ಕೊಳ್ಳಿ. ಅಲ್ಲೇ ಇಳಿಸಿ, ಅಲ್ಲೇ ನೆಟ್ ಕಿತ್ತು, ಅಲ್ಲೇ ಆಡಿ ನೋಡಿ.

ನನ್ನ ಲೆಕ್ಕವಿಷ್ಟೆ. ಬೀಗವಿಲ್ಲದ ಆಟಕ್ಕೆ ಪೂರ್ತಿ ಬೆಲೆ ಕೊಡಲು ಹಿಂದೆಮುಂದೆ ನೋಡಬೇಡಿ. ಖಾತೆಯ ಬೀಗದ ಆಟಕ್ಕೆ ಅರ್ಧ ಬೆಲೆಯಾಗುವವರೆಗೆ ಕಾಯಿರಿ. ಸರ್ವರಿನ ಬೀಗದ ಆಟಕ್ಕೆ ಕೊಡುವ ಹಣವನ್ನು ಸಿನೆಮಾ ಟಿಕೆಟ್ಟಿನ ಖರ್ಚಿನಲ್ಲಿ ಬರೆಯಿರಿ, ಆಸ್ತಿಯಲ್ಲಿ ಬರೆಯಬೇಡಿ. ಈ ವಾರಕ್ಕೆ ಶಿಫಾರಸು ಕೇಳಿದರೆ 2016ರ 'ಸ್ಟಾರ್‌ಡ್ಯೂ ವ್ಯಾಲಿ'. ಎರಿಕ್ ಬ್ಯಾರೋನ್ ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿದ ಒಕ್ಕಲುತನದ ಆಟ. ಬೇಡುವ ಜಾಗ 500 ಎಂಬಿ. ಡಾಬಕಾದ ಒಂದು ದಿನದ ಪ್ಯಾಕಿನಲ್ಲಿ ಇಳಿಸಿಯೂ ಡೇಟಾ ಮಿಗುತ್ತದೆ. ಜಿಒಜಿಯಲ್ಲಿ ಕೊಂಡರೆ ಇನ್‌ಸ್ಟಾಲರ್ ಪೆನ್‌ಡ್ರೈವಿನಲ್ಲಿ ನಿಮ್ಮದೇ, ಸರ್ವರನ್ನು ಕೇಳಿ ಬಿತ್ತುವ ಹಂಗಿಲ್ಲ.