‘ಮನೆದೇವ್ರು ಯಾವ್ದು?’: ಬಾಡಿಗೆ ಮನೆಯ ಕಾವ್ಯಮೀಮಾಂಸೆ

ಧ್ವನಿ ಸಿದ್ಧಾಂತದ ಪಾಠ ಮಾಡುವಾಗ ನಾವೆಲ್ಲ ಆನಂದವರ್ಧನ ಕೊಟ್ಟ ಒಂದು ಹಳೆಯ ಉದಾಹರಣೆಯನ್ನು ಹೇಳುತ್ತೇವೆ. ಹೊಳೆದಂಡೆಗೆ ಬರುವ ಧಾರ್ಮಿಕನೊಬ್ಬನಿಗೆ ಹೆಣ್ಣೊಬ್ಬಳು, ಇನ್ನು ನೀನು ಹೆದರದೆ ಓಡಾಡಬಹುದು, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಇಲ್ಲೇ ಇರುವ ಸಿಂಹ ಕೊಂದುಹಾಕಿತು ಎನ್ನುತ್ತಾಳೆ. ಮಾತಿನಲ್ಲಿರುವುದು ಅಪ್ಪಣೆ, ಅರ್ಥದಲ್ಲಿರುವುದು ನಿಷೇಧ. ಇದನ್ನು ಅರ್ಥ ಮಾಡಿಕೊಳ್ಳಲು ಸಹೃದಯನಾಗಿರಬೇಕು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಲು ಹೊರಟ ದಲಿತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ‘ಬನ್ನಿ, ಮನೆ ನೋಡಿ, ಅದಕ್ಕೇನಂತೆ, ಫೋನ್ ಮಾಡ್ತೀವಿ’ ಎಂಬ ನಾಲ್ಕು ಅಪ್ಪಣೆಗಳಲ್ಲಿ ನಿಷೇಧ ಯಾವುದರಲ್ಲಿದೆ ಎಂದು ಅವನಿಗೆ ಮೆಟ್ಟಿಲು ಇಳಿಯುವ ಮೊದಲೇ ಗೊತ್ತಾಗಿರುತ್ತದೆ.

ದಲಿತ ವಿಮರ್ಶೆಯ ವಿಶೇಷಾಂಕಕ್ಕೆ ಬಾಡಿಗೆ ಮನೆಯ ಪುರಾಣ ಯಾಕೆ ಎಂದು ಕೇಳಬಹುದು. ಇದುವರೆಗೆ ನಾವು ಹೊಲ, ಕೇರಿ, ಬಾವಿ, ದೇವಸ್ಥಾನ, ಹಾಸ್ಟೆಲ್ಲುಗಳನ್ನು ಪಠ್ಯವಾಗಿ ಓದಿದ್ದೇವೆ. ಟು-ಲೆಟ್ ಬೋರ್ಡನ್ನು ಓದಿಲ್ಲ. ನಗರ ಎಂದರೆ ಜಾತಿ ಸಡಿಲವಾಗುವ ಜಾಗ ಎಂಬ ನಂಬಿಕೆ ನಮ್ಮ ಚಳವಳಿಯ ರಕ್ತದಲ್ಲಿದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಬಗ್ಗೆ ಆಡಿದ ಕಟು ಮಾತುಗಳು ಈ ನಂಬಿಕೆಗೆ ಬಲ ಕೊಟ್ಟವು. ಆ ಮಾತು ಇವತ್ತಿಗೂ ಸರಿಯೇ. ಆದರೆ ಹಳ್ಳಿಯನ್ನು ಬಿಟ್ಟು ಬಂದವನು ನಗರದಲ್ಲಿ ಎಲ್ಲಿ ಮಲಗುತ್ತಾನೆ ಎಂಬುದು ಬೇರೆ ಪ್ರಶ್ನೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಆಫೀಸಿನಲ್ಲಿ ಸಡಿಲವಾದ ಜಾತಿ, ಮನೆಯ ಹೊಸ್ತಿಲಿನಲ್ಲಿ ಗಟ್ಟಿಯಾಗಿ ಕೂತಿದೆ.

ಬೋರ್ಡನ್ನೇ ನೋಡೋಣ. ‘ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ.’ ವಾಚ್ಯಾರ್ಥ ಅಡುಗೆಮನೆಗೆ ಸಂಬಂಧಿಸಿದ್ದು. ಹಾಗಿದ್ದರೆ ‘ನಾನು ಮಾಂಸ ತಿನ್ನೋದಿಲ್ಲ’ ಎಂದವನಿಗೆ ಬಾಗಿಲು ತೆರೆಯಬೇಕಲ್ಲ? ತೆರೆಯುವುದಿಲ್ಲ. ಅಲ್ಲಿಂದ ಮುಂದೆ ಎರಡನೆಯ ಸುತ್ತಿನ ಪ್ರಶ್ನೆಗಳು. ಯಾವೂರು? ಊರಲ್ಲಿ ಮನೆ ಯಾವ ಬೀದಿ? ತಂದೆ ಹೆಸರೇನು? ಮನೆದೇವ್ರು ಯಾವ್ದು? ಈ ಕೊನೆಯ ಪ್ರಶ್ನೆಯನ್ನು ಕೇಳುವವರ ಮುಖದಲ್ಲಿ ಎಂಥ ಭಕ್ತಿ ಇರುತ್ತದೆ ಅಂದರೆ, ಉತ್ತರ ಕೊಡುವವನೇ ಕ್ಷುದ್ರ ಅನ್ನಿಸಬೇಕು. ನಮ್ಮ ಸೀಮೆಯಲ್ಲಿ ಒಕ್ಕಲಿಗೆ ತಕ್ಕ ದೇವರು, ದೇವರಿಗೆ ತಕ್ಕ ಒಕ್ಕಲು. ಹೆಸರು ಹೇಳಿದರೆ ಸಾಕು, ನಕ್ಷೆಯಲ್ಲಿ ಕೇರಿ ಸಿಕ್ಕಿಬಿಡುತ್ತದೆ.

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಹೊಸದರಲ್ಲಿ ನನಗೂ ಇದೇ ಪ್ರಶ್ನೆ ಬಂತು. ಅಷ್ಟು ಹೊತ್ತಿಗೆ ಐದಾರು ಮನೆಗಳು ‘ಆಗೋಗಿದ್ದವು’. ನಾನು ‘ಮಾದಪ್ಪ’ ಎಂದೆ. ಸುಳ್ಳಲ್ಲ. ಮಲೆ ಮಾದೇಶ್ವರನಿಗೆ ಎಲ್ಲ ಜಾತಿಯ ಒಕ್ಕಲೂ ಇದೆ, ನಮ್ಮದೂ ಇದೆ. ಆದರೆ ಆ ಹೆಸರನ್ನು ಆರಿಸಿಕೊಂಡದ್ದು ಯಾಕೆ ಎಂದು ನನಗೆ ಗೊತ್ತಿತ್ತು. ಮನೆಯಾಕೆ ತಮಗೆ ಬೇಕಾದ ಅರ್ಥವನ್ನು ತೆಗೆದುಕೊಂಡರು. ‘ಲೆಕ್ಚರರ್ರಾ? ಒಳ್ಳೇದಾಯ್ತು ಬಿಡಿ’ ಎಂದು ಅಡ್ವಾನ್ಸ್ ಎಣಿಸಿಕೊಂಡರು. ಹನ್ನೊಂದು ತಿಂಗಳ ಕರಾರು. ಅಷ್ಟು ದಿನ ಅಂಬೇಡ್ಕರರ ಫೋಟೋ ಟ್ರಂಕಿನೊಳಗೆ ಬಟ್ಟೆಯ ಕೆಳಗೆ ಇತ್ತು. ಒಂಬತ್ತನೆಯ ತಿಂಗಳಲ್ಲಿ ಅವ್ವ ಊರಿನಿಂದ ಬಂದಳು. ಮನೆಯಾಕೆ ಕಾಫಿ ಕೊಟ್ಟು, ಊರಲ್ಲಿ ನಿಮ್ಮನೆ ಎಲ್ಲಿ ಬರುತ್ತೆ ಎಂದು ಕೇಳಿದರಂತೆ. ‘ಊರಾಚೆ ಹೊಲಗೇರಿ ಕನವ್ವ ನಮ್ದು’ ಎಂದು ಅವ್ವ ಹೇಳಿದಳು. ಅವಳಿಗೆ ಧ್ವನಿಯ ಅಭ್ಯಾಸವಿಲ್ಲ. ಮುಂದಿನ ವಾರ ಮನೆಯಾಕೆಯ ಮಗ ಫಾರಿನ್ನಿಂದ ಬರುವವನಾದ, ಅವನಿಗೆ ಅದೇ ಮನೆ ಬೇಕಾಯಿತು. ನಾನು ಖಾಲಿ ಮಾಡಿದ ತಿಂಗಳಿನಲ್ಲೇ ಆ ಗೇಟಿಗೆ ಮತ್ತೆ ಬೋರ್ಡು ನೇತುಬಿದ್ದಿತ್ತು.

ಇದರಲ್ಲಿ ಹೊಸದೇನೂ ಇಲ್ಲ. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರಿಗೆ ಬರೋಡಾದಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರವೊಂದರಲ್ಲಿ ಇಳಿದುಕೊಂಡರು. ಹನ್ನೊಂದನೆಯ ದಿನ ಹತ್ತಾರು ಜನ ದೊಣ್ಣೆ ಹಿಡಿದು ಬಂದು ಸುತ್ತುವರಿದರು. ಇಬ್ಬರು ಸ್ನೇಹಿತರಲ್ಲಿ, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್, ಆಶ್ರಯ ಕೇಳಿದರು, ಇಬ್ಬರಿಂದಲೂ ಆಗಲಿಲ್ಲ. ರಾತ್ರಿಯ ರೈಲಿನವರೆಗೆ ಊರಿನ ಉದ್ಯಾನದಲ್ಲಿ ಕೂತಿದ್ದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಇದನ್ನೆಲ್ಲ ಅವರೇ ದಾಖಲಿಸಿದ್ದಾರೆ. ನಾವು ಇದನ್ನು ಅವಮಾನದ ಕಥೆಯಾಗಿ ಓದಿ ಕಣ್ಣೀರು ಹಾಕುತ್ತೇವೆ. ನನಗೆ ಈಗ ಅದು ವಸತಿಯ ಕಥೆಯಾಗಿ ಕಾಣುತ್ತಿದೆ. ಕೆಲಸವಿತ್ತು, ಸಂಬಳವಿತ್ತು, ಸಂಸ್ಥಾನದ ಮಹಾರಾಜರ ಬೆಂಬಲವಿತ್ತು. ಇಲ್ಲದ್ದು ಮಲಗಲು ಒಂದು ಕೋಣೆ. ಅದೊಂದು ಇಲ್ಲದ್ದರಿಂದ ಉಳಿದ ಮೂರೂ ಕೈತಪ್ಪಿದವು.

ಇಲ್ಲಿ ಪಾರ್ಸಿಗಳನ್ನು ಬಯ್ಯುವುದು ಸುಲಭ. ಆದರೆ 2005ರಲ್ಲಿ ಅಹಮದಾಬಾದಿನ ಜೊರಾಸ್ಟ್ರಿಯನ್ ಸಹಕಾರಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ, ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಎಂಬ ಬೈಲಾವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸಂಘ ಕಟ್ಟಿಕೊಳ್ಳುವ ಹಕ್ಕು ಎಂಬುದು ಅದರ ಆಧಾರ. ಒಂದು ಸಣ್ಣ ಸಮುದಾಯದ ಕೈಯಲ್ಲಿ ಆತ್ಮರಕ್ಷಣೆಯಂತೆ ಕಾಣುವ ಹಕ್ಕು ಬಲಿಷ್ಠ ಜಾತಿಗಳ ಕೈಗೆ ಬಂದರೆ ಕೋಟೆಗೋಡೆಯಾಗುತ್ತದೆ. 1917ರ ದೊಣ್ಣೆಗೆ ಈಗ ಬೈಲಾ ಎಂದು ಹೆಸರು.

ಕಾನೂನು ಇಲ್ಲವೇ? ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ (1976ರಿಂದ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ) ತನ್ನ ನಾಲ್ಕನೆಯ ಕಲಮಿನಲ್ಲೇ, ಯಾವುದೇ ಬಡಾವಣೆಯಲ್ಲಿ ವಾಸದ ಮನೆಯನ್ನು ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ವಾಸಿಸುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಪಡಿಸಿದರೆ ಶಿಕ್ಷೆ ಎನ್ನುತ್ತದೆ. ಕಾನೂನು ಓದುವುದು ವಾಚ್ಯಾರ್ಥವನ್ನು, ಮನೆ ಮಾಲೀಕ ಆಡುವುದು ವ್ಯಂಗ್ಯಾರ್ಥವನ್ನು. ‘ಮಗ ಬರ್ತಾನೆ’ ಎಂಬ ವಾಕ್ಯವನ್ನು ಯಾವ ಠಾಣೆಯಲ್ಲಿ ದೂರಾಗಿ ಬರೆಸುವುದು? ಸುಖದೇವ್ ಥೋರಾಟ್ ಮತ್ತು ಸಂಗಡಿಗರು ದೆಹಲಿ ಮತ್ತು ಅದರ ಆಸುಪಾಸಿನ ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಷ್ಟಕ್ಕೆ ಒಂದು ದಾರಿ ಹುಡುಕಿತು. ಬೇರೆ ಬೇರೆ ಹೆಸರಿನವರಿಂದ ಮನೆ ವಿಚಾರಿಸಿ ಫೋನು ಮಾಡಿಸಿದರು. ಮೇಲುಜಾತಿಯ ಹೆಸರಿಗೆ ಇಲ್ಲ ಎಂದವರಿಲ್ಲ, ದಲಿತ ಹೆಸರಿಗೆ ನೂರಕ್ಕೆ 18ರಷ್ಟು, ಮುಸ್ಲಿಂ ಹೆಸರಿಗೆ 31ರಷ್ಟು ನಿರಾಕರಣೆ. ಒಂದು ಬಾಗಿಲಲ್ಲಿ ಸಾಬೀತಾಗದ್ದು ನೂರು ಬಾಗಿಲುಗಳಲ್ಲಿ ಸಾಬೀತಾಗುತ್ತದೆ. ನಮ್ಮ ನೋವಿನ ಪಟ್ಟಿಯಲ್ಲಿ ಮುಸ್ಲಿಮರು ನಮಗಿಂತ ಮುಂದಿದ್ದಾರೆ ಎಂಬುದನ್ನೂ ದಲಿತ ವಿಮರ್ಶೆ ಗಮನಿಸಬೇಕು.

ಇನ್ನು ನಮ್ಮ ಸಾಹಿತ್ಯದ ಮಾತು. ಕನ್ನಡದಲ್ಲಿ ಮನೆಯ ಕಾವ್ಯ ಬೇಕಾದಷ್ಟಿದೆ. ‘ಮೈಸೂರು ಮಲ್ಲಿಗೆ’ಯ ದಾಂಪತ್ಯಕ್ಕೆ ಒಂದು ಮನೆ ಇದ್ದೇ ಇರುತ್ತದೆ. ಅದು ಹೇಗೆ ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ. ಪ್ರಗತಿಶೀಲರಲ್ಲಿ ನಿರಂಜನರು ‘ರಂಗಮ್ಮನ ವಠಾರ’ದಲ್ಲಿ ಬಾಡಿಗೆದಾರರನ್ನೇ ಕಾದಂಬರಿಯ ನಡುವಿಗೆ ತಂದರು. ಇಕ್ಕಟ್ಟು, ಬಾಡಿಗೆ, ಬಡತನ, ಮಾಲೀಕಳ ದರ್ಬಾರು ಎಲ್ಲ ಅಲ್ಲಿದೆ, ಅದು ದೊಡ್ಡ ಕೆಲಸ. ಆದರೆ ಅದು ಒಳಗೆ ಬಂದವರ ಕಥೆ. ಗೇಟಿನಿಂದಲೇ ಹಿಂದಿರುಗಿದವರು ಆ ಕಾದಂಬರಿಯ ಪಾತ್ರಗಳಲ್ಲ. ಈಚೆಗೆ ಹಳೆಯ ಬೆಂಗಳೂರಿನ ಬಗ್ಗೆ ಹುಟ್ಟಿಕೊಂಡಿರುವ ಹಂಬಲದ ಬರಹಗಳಂತೂ ಈ ಗೇಟನ್ನು ಪೂರ್ತಿ ಮರೆತಿವೆ. ಹೆಂಚಿನ ಮನೆ, ಸಂಪಿಗೆ ಮರ, ಕಾಫಿಪುಡಿಯ ಘಮ, ಮಲ್ಲೇಶ್ವರ, ಬಸವನಗುಡಿ. 1898ರಲ್ಲಿ ಪ್ಲೇಗು ಬಂದ ಮೇಲೆ ಬೆಳೆದ ಈ ಎರಡೂ ಬಡಾವಣೆಗಳ ನಿವೇಶನಗಳನ್ನು ಜಾತಿವಾರು ವಿಂಗಡಿಸಿ ಹಂಚಿದ್ದರು. ಗಾಳಿ ಬೆಳಕು ಬರುವ ಹಾಗೆ ಬೀದಿಗಳನ್ನು ಎಳೆದ ಕೈಯೇ ಯಾರ ಪಕ್ಕದಲ್ಲಿ ಯಾರಿರಬೇಕು ಎಂಬ ಗೆರೆಯನ್ನೂ ಎಳೆಯಿತು. ನಮ್ಮ ಆಧುನಿಕ ನಗರ ಯೋಜನೆಗೆ ಹುಟ್ಟಿನಿಂದಲೇ ಈ ಮಚ್ಚೆಯಿದೆ.

ಇದಕ್ಕೆ ಎದುರಾಗಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಇಟ್ಟು ನೋಡಬೇಕು. ಅದನ್ನು ಹಾಸ್ಯದ ಆತ್ಮಕಥನ ಎಂದು ಮೆಚ್ಚಿ ವಿಮರ್ಶಕರು ಕೈತೊಳೆದುಕೊಂಡರು. ಮಂಚನಬೆಲೆಯಿಂದ ಶ್ರೀರಾಮಪುರಕ್ಕೆ ಬರುವ ಆ ಕಥೆ ಬೆಂಗಳೂರಿನ ವಸತಿಯ ಚರಿತ್ರೆಯೂ ಹೌದು. ಅಲ್ಲಿ ಮನೆಗಿಂತ ಹೆಚ್ಚು ಕಾಣುವುದು ಹಾಸ್ಟೆಲ್ಲು, ಬೀದಿ, ಸ್ಮಶಾನ. ಖಾಸಗಿ ಕೋಣೆ ಇಲ್ಲದವನ ಆತ್ಮಕಥೆ ಸಾರ್ವಜನಿಕ ಜಾಗಗಳಲ್ಲೇ ನಡೆಯಬೇಕಾಗುತ್ತದೆ. ನಮ್ಮ ಆತ್ಮಕಥನಗಳಲ್ಲಿ ಅಂತರಂಗ ಕಡಿಮೆ ಎಂದು ದೂರುವ ಪಂಡಿತರು ಒಮ್ಮೆ ಒಂದೇ ಕೋಣೆಯಲ್ಲಿ ಆರು ಜನ ಮಲಗಿ ನೋಡಲಿ.

ವಾಸಕ್ಕೆ ಯೋಗ್ಯವಾದ ನಗರ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸುಗಮ ಜೀವನದ ಸೂಚ್ಯಂಕದಲ್ಲಿ ಹತ್ತು ಲಕ್ಷಕ್ಕೆ ಮೇಲ್ಪಟ್ಟ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ ಬಂತು. ಜೀವನದ ಗುಣಮಟ್ಟ, ಆರ್ಥಿಕ ಸಾಮರ್ಥ್ಯ, ಸುಸ್ಥಿರತೆ, ಜನರ ಅಭಿಪ್ರಾಯ ಎಂದು ಅಳತೆಗೋಲುಗಳು. ಕೆರೆ ಬೇಕು, ಫುಟ್‌ಪಾತ್ ಬೇಕು, ಮರ ಬೇಕು, ನನ್ನದೇನೂ ತಕರಾರಿಲ್ಲ. ಆದರೆ ‘ಮನೆದೇವ್ರು ಯಾವ್ದು’ ಎಂಬ ಪ್ರಶ್ನೆ ಎಷ್ಟು ಬಾಗಿಲಲ್ಲಿ ಕೇಳಿಬರುತ್ತದೆ ಎಂಬುದಕ್ಕೆ ಯಾವ ಅಳತೆಗೋಲು? ನವೀನ್ ಭಾರತಿ, ದೀಪಕ್ ಮಲಘಾಣ, ಅಂದಲೀಬ್ ರೆಹಮಾನ್ ಅವರು 2011ರ ಜನಗಣತಿಯನ್ನು ವಾರ್ಡಿಗಿಂತ ಚಿಕ್ಕ ಘಟಕಕ್ಕೆ ಇಳಿಸಿ ಓದಿದ್ದಾರೆ. ವಾರ್ಡಿನ ಲೆಕ್ಕದಲ್ಲಿ ಬೆರೆತಂತೆ ಕಾಣುವವರು ಒಳಗೆ ಬೀದಿ ಬೀದಿಯಾಗಿ ಬೇರೆಯಾಗಿದ್ದಾರೆ ಎಂಬುದು ಆ ಓದಿನಿಂದ ಕಾಣುತ್ತದೆ. ಊರು-ಕೇರಿಗಳ ಗೆರೆ ಅಳಿಸಿಲ್ಲ, ಸಣ್ಣದಾಗಿ ಮಡಿಸಿ ವಾರ್ಡಿನ ಜೇಬಿನಲ್ಲಿ ಇಟ್ಟಿದ್ದಾರೆ.

ಬಾಡಿಗೆಯ ಕಥೆ ಹೀಗಾದರೆ, ಕೇರಿಯ ಕೆಳಗಿರುವ ಮಣ್ಣಿನ ಕಥೆ ಇನ್ನೊಂದು. ಈಜಿಪುರದಲ್ಲಿ ಬಡವರಿಗಾಗಿ ಕಟ್ಟಿದ ಸುಮಾರು 1,500 ಮನೆಗಳ ಕ್ವಾರ್ಟರ್ಸ್ ಇತ್ತು. ಕಳಪೆ ಕಟ್ಟಡ, ಕುಸಿಯಿತು. ಮರಳಿ ಕಟ್ಟುವ ನೆಪದಲ್ಲಿ ಖಾಸಗಿ ಸಹಭಾಗಿತ್ವ ಬಂತು, ಜಾಗದ ಒಂದು ಭಾಗ ವಾಣಿಜ್ಯಕ್ಕೆ ಎಂದಾಯಿತು. 2013ರ ಜನವರಿಯಲ್ಲಿ ಜೆಸಿಬಿಗಳು ಬಂದವು. ದಲಿತರು, ಮುಸ್ಲಿಮರು, ಕ್ರಿಶ್ಚಿಯನ್ನರು, ತಮಿಳು ಮಾತಾಡುವ ಕೂಲಿಗಳು ಬೀದಿಗೆ ಬಿದ್ದರು. ಕೆಲವರಿಗೆ ಸರ್ಜಾಪುರ ರಸ್ತೆಯಾಚೆ ಸೂಲಿಕುಂಟೆಯಲ್ಲಿ ಮನೆ ಕೊಟ್ಟರು. ಮನೆಗೆಲಸ ಮಾಡುವ ಹೆಂಗಸು ಸೂಲಿಕುಂಟೆಯಿಂದ ಕೋರಮಂಗಲಕ್ಕೆ ಬೆಳಗಿನ ಆರಕ್ಕೆ ಹೇಗೆ ಬಂದಾಳು ಎಂಬುದು ಯಾವ ನಕ್ಷೆಯಲ್ಲೂ ಇಲ್ಲ. ಊರಾಚೆ ಎಂಬ ಹಳೆಯ ಪದಕ್ಕೆ ಈಗ ಪುನರ್ವಸತಿ ಎಂಬ ಸಂಸ್ಕೃತದ ಹೆಸರು.

ನಗರ ಬೆಳೆಯುತ್ತ ಹೋದ ದಿಕ್ಕಿನಲ್ಲೆಲ್ಲ ತೋಟಿ, ತಳವಾರಿಕೆಯ ಇನಾಂತಿ, ಸರ್ಕಾರ ಮಂಜೂರು ಮಾಡಿದ ಒಂದೆರಡು ಎಕರೆ ಹೀಗೆ ನಮ್ಮವರ ತುಂಡು ಭೂಮಿಗಳಿದ್ದವು. ಅವುಗಳಲ್ಲಿ ಸರ್ಕಾರ ಮಂಜೂರು ಮಾಡಿದವು ಕೈಬಿಡದಿರಲಿ ಎಂದೇ 1978ರ ಪಿಟಿಸಿಎಲ್ ಕಾಯಿದೆ ಬಂದದ್ದು. 2017ರಲ್ಲಿ ಸುಪ್ರೀಂ ಕೋರ್ಟು, ಭೂಮಿ ವಾಪಸು ಕೇಳುವುದಿದ್ದರೆ ಸಕಾಲದಲ್ಲಿ ಕೇಳಬೇಕು ಎಂದಿತು. ಓದು ಬಾರದ ಅಜ್ಜನಿಗೆ ಯಾವುದು ಸಕಾಲ? 2023ರ ತಿದ್ದುಪಡಿ ಆ ಕಾಲಮಿತಿಯನ್ನು ತೆಗೆಯಿತು. ಆದರೆ ಅಷ್ಟರಲ್ಲಿ ಎಷ್ಟೋ ಹೊಲಗಳ ಮೇಲೆ ಸೈಟುಗಳ ಕಲ್ಲು ನೆಟ್ಟಾಗಿತ್ತು. ‘ಕ್ಲಿಯರ್ ಟೈಟಲ್’ ಎಂದು ಜಾಹೀರಾತಿನಲ್ಲಿ ಓದಿದಾಗಲೆಲ್ಲ ನನಗೆ ಆ ಪಹಣಿಗಳ ಹೆಸರು ಓದಬೇಕೆನಿಸುತ್ತದೆ. ಅಜ್ಜನ ಹೊಲದ ಮೇಲೆ ಎದ್ದ ಮನೆಯನ್ನು ಮೊಮ್ಮಗ ಬಾಡಿಗೆಗೆ ಕೇಳಲು ಹೋಗಿ, ಮನೆದೇವರ ಹೆಸರು ಹೇಳಬೇಕಾಗಿ ಬಂದಿರಬಹುದು. ಇದಕ್ಕಿಂತ ದೊಡ್ಡ ಕಾದಂಬರಿಯ ವಸ್ತು ನಮಗೆ ಇನ್ನು ಯಾವುದು ಬೇಕು?

ನಮ್ಮಲ್ಲೇ ಕೆಲವು ಗೆಳೆಯರು, ನೌಕರಿಯಲ್ಲಿ ಇರುವವರು, ನಮ್ಮದೇ ಒಂದು ಲೇಔಟ್ ಮಾಡಿಕೊಳ್ಳೋಣ, ಯಾರ ಗೇಟಿನ ಮುಂದೆಯೂ ನಿಲ್ಲೋದು ಬೇಡ ಎನ್ನುತ್ತಿದ್ದಾರೆ. ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಒಂದು ಸೈಟು ಬೇಡವೆಂದಲ್ಲ. ಆದರೆ ಕಂತು ಕಟ್ಟಬಲ್ಲ ನೂರು ಮನೆಗಳು ಅಲ್ಲಿಗೆ ಹೋದರೆ, ಕಂತು ಕಟ್ಟಲಾಗದ ಪೌರಕಾರ್ಮಿಕ, ಗಾರ್ಮೆಂಟ್ಸ್ ಹುಡುಗಿ, ಹಾಸ್ಟೆಲ್ ಮುಗಿಸಿದ ಹುಡುಗ ಅದೇ ಗೇಟಿನ ಮುಂದೆ ನಿಂತಿರುತ್ತಾರೆ. ನಮ್ಮ ಲೇಔಟಿನ ಬಾಡಿಗೆ ಮನೆಗಳಲ್ಲಿ ನಾವು ಎಡ-ಬಲ ಕೇಳದೆ ಇರುತ್ತೇವೆಯೇ ಎಂಬುದನ್ನೂ ಆ ಗೆಳೆಯರ ಮುಂದೆ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ, ಟೀ ತರಿಸಿದರು.

ಕಳೆದ ತಿಂಗಳು ನನ್ನ ವಿದ್ಯಾರ್ಥಿಯೊಬ್ಬ ಬಂದಿದ್ದ. ಹಾಸ್ಟೆಲ್ ಬಿಡಬೇಕು, ಮೂವರು ಹುಡುಗರು ಸೇರಿ ರೂಮು ನೋಡುತ್ತಿದ್ದಾರೆ. ‘ನೀವು ಓನರ್ ಹತ್ರ ಒಂದ್ಮಾತು ಮಾತಾಡಿ, ಲೆಕ್ಚರರ್ ಅಂದ್ರೆ ನಂಬ್ತಾರೆ’ ಎಂದ. ಆಮೇಲೆ ತಡೆದು, ಮನೆದೇವ್ರು ಕೇಳಿದ್ರೆ ಏನು ಹೇಳ್ಬೇಕು ಎಂದು ಕೇಳಿದ. ಮಾದಪ್ಪ ಎಂಬ ಹೆಸರು ನಾಲಿಗೆಯ ತುದಿಯವರೆಗೆ ಬಂತು. ನಿಮ್ಮವ್ವ ಏನು ಹೇಳ್ತಾರೋ ಅದನ್ನೇ ಹೇಳು ಎಂದೆ. ಅವನು ಹಾಗೇ ಹೇಳಿ ಮೂರು ಮನೆ ಕಳೆದುಕೊಂಡಿದ್ದಾನೆ. ಈ ಭಾನುವಾರ ನಾಲ್ಕನೆಯದಕ್ಕೆ ನಾನೂ ಜೊತೆಗೆ ಹೋಗುತ್ತಿದ್ದೇನೆ.