ಸ್ಲೇಟು ಮತ್ತು ಲೆಕ್ಕದ ಪುಸ್ತಕ

ಮನೆಯ ಖರ್ಚುವೆಚ್ಚ ಬರೆದಿಡುವ ಹೆಂಗಸಿಗೆ ಸ್ಲೇಟಿಗೂ ಪುಸ್ತಕಕ್ಕೂ ಇರುವ ಅಂತರವನ್ನು ಯಾರೂ ವಿವರಿಸಬೇಕಾಗಿಲ್ಲ. ಸ್ಲೇಟಿನ ಮೇಲೆ ಇವತ್ತಿನ ಬಾಕಿ ಮಾತ್ರ ಇರುತ್ತದೆ. ನಿನ್ನೆಯದನ್ನು ಒರೆಸಿಯೇ ಅದನ್ನು ಬರೆದಿರುತ್ತೇವೆ. ಪುಸ್ತಕದಲ್ಲಾದರೋ ಹೊಡೆದುಹಾಕಿದ ಅಂಕಿಯೂ ಗೆರೆಯ ಅಡಿಯಿಂದ ಇಣುಕುತ್ತಿರುತ್ತದೆ. ಹಾಲಿನವನೊಡನೆ ಮಾತಿಗೆ ಮಾತು ಬೆಳೆದಾಗ ನಮ್ಮನ್ನು ಕಾಯುವುದು ಆ ಹೊಡೆದುಹಾಕಿದ ಅಂಕಿಯೇ. ಕಂಪ್ಯೂಟರಿನಲ್ಲಿ ನಾವು ‘ಬ್ಯಾಕಪ್’ ಎನ್ನುವುದು ಬಹುಪಾಲು ಸ್ಲೇಟಿನ ಜಾತಿಯದು. ಅದಕ್ಕೆ ಪುಸ್ತಕದ ಗುಣ ತರಲು ಹೊರಟ ಒಂದು ಸಾಧನದ ಗುಣದೋಷಗಳನ್ನು ಇಲ್ಲಿ ತೂಗಿ ನೋಡಬೇಕೆಂದಿದ್ದೇನೆ.

ಸಾಧನದ ಹೆಸರು ಎಟ್ಸಿಕೀಪರ್. ಜೋಯಿ ಹೆಸ್ ಎಂಬುವರು 2007ರಲ್ಲಿ ಲಿನಕ್ಸ್ ಯಂತ್ರಗಳಿಗೆಂದು ರಚಿಸಿದ್ದು. ಲಿನಕ್ಸಿನಲ್ಲಿ ಇಡೀ ಯಂತ್ರದ ನಡವಳಿಕೆಯನ್ನು ನಿರ್ಧರಿಸುವ ಸಣ್ಣಪುಟ್ಟ ಕಡತಗಳೆಲ್ಲ ‘ಇಟಿಸಿ’ ಎಂಬ ಒಂದು ಕಪಾಟಿನಲ್ಲಿರುತ್ತವೆ. ನಾನು ಬರೆಯಲು ಬಳಸುವ ಡೆಬಿಯನ್ ಯಂತ್ರದಲ್ಲಿ ಕೀಲಿಮಣೆಯ ಭಾಷೆ ಯಾವುದೆಂಬ ಮಾತೂ ಅಲ್ಲೇ ಇದೆ. ಇಂಗ್ಲಿಷಿನ ಪಕ್ಕದಲ್ಲಿ ಕನ್ನಡವೂ ಇರಲಿ, ಎರಡು ಕೀಲಿ ಒಟ್ಟಿಗೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟಲಿ ಎಂದು ಹೇಳುವವು ಮೂರೇ ಸಾಲು. ಅವು ಕೆಟ್ಟರೆ ನನ್ನ ಬರವಣಿಗೆ ಅಲ್ಲಿಗೇ ನಿಂತಂತೆ.

“ನಕಲು ಇದೆಯಲ್ಲಮ್ಮ, ಇನ್ನೇನು ಬೇಕು ನಿನಗೆ?” ಎಂದಳು ಮಗಳು. ನಕಲಿನ ತೊಡಕೇ ಅದು ನೋಡಿ. ಸೋಮವಾರ ಸಾಲು ಕೆಟ್ಟು, ನನಗೆ ಗೊತ್ತಾಗುವುದು ಗುರುವಾರವಾದರೆ, ಆ ಮೂರು ದಿನವೂ ಬ್ಯಾಕಪ್ ಕೆಟ್ಟ ಸಾಲನ್ನೇ ನಿಷ್ಠೆಯಿಂದ ಒಳ್ಳೆಯದರ ಮೇಲೆ ಬರೆದಿರುತ್ತದೆ. ಕಳವಾದರೆ ನಕಲು ಕಾಪಾಡುತ್ತದೆ, ಕೆಟ್ಟರೆ ಕಾಪಾಡುವುದಿಲ್ಲ.

ಕೆಟ್ಟಾಗ ಬೇಕಾದದ್ದು ಚರಿತ್ರೆ. ಪ್ರೋಗ್ರಾಂ ಬರೆಯುವವರಿಗೆ ಈ ಬುದ್ಧಿ ಬಹಳ ಹಿಂದೆಯೇ ಬಂದಿತ್ತು. 1972ರಲ್ಲಿ ಬೆಲ್ ಲ್ಯಾಬ್ಸಿನ ಮಾರ್ಕ್ ರಾಕ್‌ಕೈಂಡ್, 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ಇಂಥ ವ್ಯವಸ್ಥೆಗಳನ್ನು ಕಟ್ಟಿದರು. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಎಟ್ಸಿಕೀಪರ್ ಸಾಮಾನ್ಯವಾಗಿ ಈ ಗಿಟ್ ಅನ್ನೇ ತನ್ನ ಪುಸ್ತಕವಾಗಿ ಬಳಸುತ್ತದೆ.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಹೊಸ ತಂತ್ರಾಂಶ ಒಳಗೆ ಬರುವ ಮುನ್ನ ಕಪಾಟು ಹೇಗಿತ್ತು, ಬಂದ ಮೇಲೆ ಹೇಗಾಯಿತು ಎರಡನ್ನೂ ಇದು ತಾನಾಗಿಯೇ ಬರೆದಿಡುತ್ತದೆ. ದಿನಕ್ಕೊಮ್ಮೆ ಬಂದು ಉಳಿದ ಬದಲಾವಣೆಗಳನ್ನೂ ಸೇರಿಸುತ್ತದೆ. ಯಾವ ಕಡತ ಯಾರದು, ಯಾರು ಅದನ್ನು ತೆರೆಯಬಹುದು ಎಂಬುದನ್ನು ಗಿಟ್ ಪೂರ್ತಿಯಾಗಿ ಗಮನಿಸುವುದಿಲ್ಲ. ಎಟ್ಸಿಕೀಪರ್ ಆ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಪಾತ್ರೆಗಳನ್ನಷ್ಟೇ ಅಲ್ಲ, ಯಾವ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕೆಂಬುದನ್ನೂ ನೆನಪಿಟ್ಟುಕೊಳ್ಳುವ ಅಚ್ಚುಕಟ್ಟು ಇದು.

ಇನ್ನು ಆಕ್ಷೇಪಗಳು. ತಾನಾಗಿ ಬರೆಯುವ ಪುಸ್ತಕ ‘ದಿನದ ದಾಖಲೆ’ ಎಂದಷ್ಟೇ ತಲೆಬರಹ ಹಾಕುತ್ತದೆ. ಏನು ಬದಲಾಯಿತು, ಯಾವಾಗ ಎಂಬುದು ಸಿಗುತ್ತದೆ. ಯಾಕೆ ಎಂಬುದು ಸಿಗುವುದಿಲ್ಲ. ಆರು ತಿಂಗಳಾದ ಮೇಲೆ ಹಿಂದಕ್ಕೆ ತಿರುಗುವವಳಿಗೆ ಬೇಕಾದದ್ದು ಆ ‘ಯಾಕೆ’. ‘ಒತ್ತಕ್ಷರ ಸರಿಯಾಗಿ ಬೀಳಲೆಂದು ಕೀಲಿಮಣೆ ಬದಲಿಸಿದೆ’ ಎಂಬ ಒಂದು ಸಾಲು ಸಾಕು. ಅದನ್ನು ಯಂತ್ರ ಬರೆಯಲಾರದು. ನಾವೇ ಬರೆಯಲು ಸಾಧನದಲ್ಲಿ ಅನುಕೂಲವಿದೆ. ಆದರೆ ತಾನಾಗಿ ನಡೆಯುವ ಕೆಲಸ ಕಣ್ಣೆದುರಿಗಿದ್ದಾಗ ಕೈಯಿಂದ ಬರೆಯುವ ಅಭ್ಯಾಸ ಮೂಲೆ ಸೇರುತ್ತದೆ.

ಎರಡನೆಯದು ಇನ್ನೂ ಗಂಭೀರ. ಈ ಪುಸ್ತಕಕ್ಕೆ ಮರೆವು ಇಲ್ಲ. ನೆಟ್‌ವರ್ಕ್ ಮ್ಯಾನೇಜರ್ ಬಳಸುವ ಯಂತ್ರಗಳಲ್ಲಿ ಮನೆಯ ವೈಫೈ ಗುಪ್ತಪದ ಸಾಮಾನ್ಯವಾಗಿ ಇದೇ ಕಪಾಟಿನಲ್ಲಿ ಇರುತ್ತದೆ. ಒಮ್ಮೆ ಅದು ಪುಸ್ತಕಕ್ಕೆ ಸೇರಿತೆಂದರೆ, ಕಡತವನ್ನು ಇವತ್ತು ಅಳಿಸಿದರೂ ಹಳೆಯ ಪುಟದಲ್ಲಿ ಉಳಿದೇ ಇರುತ್ತದೆ. ತೆಗೆಯಬೇಕಾದರೆ ಚರಿತ್ರೆಯನ್ನೇ ತಿದ್ದಿ ಬರೆಯಬೇಕು. ಯಂತ್ರದ ಯಜಮಾನನ ಹೊರತು ಬೇರೆಯವರು ಪುಸ್ತಕ ತೆರೆಯದಂತೆ ಎಟ್ಸಿಕೀಪರ್ ಬೀಗ ಹಾಕುತ್ತದೆ, ನಿಜ. ಅದರ ಪ್ರತಿಯೊಂದನ್ನು ನಾವೇ ಇನ್ನೊಂದು ಕಡೆಗೆ ಒಯ್ದಮೇಲೆ ಆ ಬೀಗದ ಹೊಣೆ ನಮ್ಮದು.

ಒಯ್ಯದೆಯೂ ಗತಿಯಿಲ್ಲ ಎಂಬುದೇ ಮೂರನೆಯ ಮಾತು. ಪುಸ್ತಕ ಇರುವುದು ಅದೇ ಕಪಾಟಿನಲ್ಲಿ, ಅದೇ ಡಿಸ್ಕಿನ ಮೇಲೆ. ಡಿಸ್ಕು ಸತ್ತರೆ ಚರಿತ್ರೆಯೂ ಸತ್ತಿತು. ಮಗಳು ಹೊಗಳಿದ ನಕಲು ಆಗ ಬೇಕೇ ಬೇಕು. ಇಷ್ಟಲ್ಲದೆ ಎಟ್ಸಿಕೀಪರ್ ನೋಡಿಕೊಳ್ಳುವುದು ಯಂತ್ರದ ಕಪಾಟನ್ನು ಮಾತ್ರ. ಲಿಬ್ರೆಆಫೀಸಿನಲ್ಲಿ ಒಂದೊಂದೇ ಪದ ಸೇರಿಸಿ ಬೆಳೆಸಿದ ನನ್ನ ಸ್ವಂತ ಪದಪಟ್ಟಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಬೇರೆಯಾಗಿ ಗಿಟ್ ಇಟ್ಟುಕೊಂಡಿದ್ದೇನೆ.

ಹಾಗಾದರೆ ಸಾಧನ ಬೇಡವೇ? ಖಂಡಿತ ಬೇಕು. ಮನೆಯಲ್ಲಿ ಲಿನಕ್ಸ್ ಇಟ್ಟುಕೊಂಡ ಗೆಳತಿಯರಿಗೆ ಮೊದಲ ದಿನವೇ ಹಾಕಿಕೊಳ್ಳಿ ಎನ್ನುತ್ತೇನೆ. ವಾರಕ್ಕೊಮ್ಮೆ ಪುಸ್ತಕದ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಒಡವೆಯಿಡುವ ಬೀರುವಿನೊಳಗೇ ಇಡಿ. ಮುಖ್ಯವಾದ ಸಾಲು ಬದಲಿಸಿದ ದಿನ ಕಾರಣವನ್ನು ನಿಮ್ಮ ಕೈಯಾರೆ, ನಿಮ್ಮದೇ ಕನ್ನಡದಲ್ಲಿ ಬರೆಯಿರಿ. ಅದನ್ನು ಮುಂದೆ ಓದುವವರು ಬೇರೆ ಯಾರೂ ಅಲ್ಲ, ನೀವೇ.